ಕೀ ತಿರುಗಿಸಿದರೆ ಟಕ್

ಸ್ಟಾರ್ಟ್ ಆಗದ ಕಾರಿನ ಸುತ್ತ ಸೇರಿದ ಗುಂಪಿನಲ್ಲಿ ಸ್ವಂತ ಅಭಿಪ್ರಾಯ ಇಲ್ಲದಿರುವುದು ಕಾರಿಗೆ ಮಾತ್ರ. ಮಿಕ್ಕ ಎಲ್ಲರಿಗೂ ಒಂದೊಂದು ಇರುತ್ತದೆ, ಕೆಲವರಿಗೆ ಎರಡು. ಸೈಕಲ್ಲಿಗೆ ಗಾಳಿ ಹೊಡೆಯಲೂ ಅಂಗಡಿ ಹುಡುಕುವವರು ‘ಕಾರ್ಬುರೇಟರಿನಲ್ಲಿ ಕಸ ಕೂತಿದೆ’ ಎಂದು ರಸ್ತೆಯಿಂದಲೇ ಕೂಗಿ ಮುಂದೆ ಹೋಗುತ್ತಾರೆ. ಡೈರಿಗೆ ಹೊರಟವರು ಹಾಲಿನ ಕ್ಯಾನು ಕೆಳಗಿಟ್ಟು ‘ಬ್ಯಾಟರಿ ಡೌನ್’ ಎಂದು ತೀರ್ಪು ಕೊಡುತ್ತಾರೆ. ‘ನಮ್ಮ ಭಾವನ ಗಾಡಿಗೂ ಹೀಗೇ ಆಗಿತ್ತು ನೋಡಿ’ ಎಂದು ಶುರುಮಾಡುವವರು ಒಬ್ಬರಾದರೂ ಇರಲೇಬೇಕು. ಆಮೇಲೆ ಹೇಗೆ ಸರಿಹೋಯಿತು ಎಂದು ಆಸೆಯಿಂದ ಕೇಳಿದರೆ ‘ಮಾರಿಬಿಟ್ಟರು’ ಅನ್ನುತ್ತಾರೆ.

ಅದು ಇಂಜಿನ್ ಬದಲಿಸಿದ ಕಾರಾಗಿದ್ದರೆ ಮುಗಿಯಿತು. ಹಳೆಯ ಇಂಜಿನ್ನಿನ ಕಾರು ಕೈಕೊಟ್ಟರೆ ಜನ ಕನಿಕರವನ್ನಾದರೂ ತೋರಿಸುತ್ತಾರೆ. ಇಂಜಿನ್ ಬದಲಿಸಿದ ಕಾರು ಕೈಕೊಟ್ಟರೆ ‘ನಾನು ಆವತ್ತೇ ಹೇಳಿದ್ದೆ’ ಅನ್ನುತ್ತಾರೆ. ಆವತ್ತು ಅವರು ಏನನ್ನೂ ಹೇಳಿರುವುದಿಲ್ಲ.

ನನ್ನ ಸೋದರಮಾವನಿಗೆ ಹೀಗೆ ‘ಆವತ್ತೇ ಹೇಳಿದ್ದ’ವರು ತೀರ್ಥಹಳ್ಳಿಯಿಂದ ಆಗುಂಬೆಯವರೆಗೆ ಇದ್ದರು. ಮಾವನ ಅಡಿಕೆ ತೋಟ ಆ ದಾರಿಯಲ್ಲೇ ಇರುವುದು. ತೋಟದ ಮನೆಯ ಅಂಗಳದಲ್ಲಿ ಒಂದು ಅಂಬಾಸಿಡರ್. ಅದರಲ್ಲಿ ಅಡಿಕೆ ಮೂಟೆ, ಬಾಣಂತಿಯರು, ದನದ ಹಿಂಡಿ, ಪುರೋಹಿತರು, ಮೇಳದ ಭಾಗವತರು ಎಲ್ಲರೂ ಪ್ರಯಾಣ ಮಾಡಿದ್ದರು, ಕೆಲವು ಸಲ ಒಟ್ಟೊಟ್ಟಿಗೆ. ಅದರ ಇಂಜಿನ್ 1489 ಸಿಸಿಯದು, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಕಾಲದ ವಂಶ. ನಾನು ನೋಡುವ ಹೊತ್ತಿಗೆ ಅದು ಆಯಿಲ್ ಕುಡಿದು ನೀಲಿ ಹೊಗೆ ಬಿಡುವ ವಯಸ್ಸಿಗೆ ಬಂದಿತ್ತು. ಆಗುಂಬೆ ಘಾಟಿ ಹತ್ತುವಾಗ ಹಿಂದೆ ಬರುವ ಬಸ್ಸಿನವರು ಹಾರ್ನ್ ಮಾಡುವುದನ್ನೂ ಬಿಟ್ಟು ಸುಮ್ಮನೆ ಇಳಿದು ಬೀಡಿ ಹಚ್ಚುತ್ತಿದ್ದರೆಂದು ಮನೆಯಲ್ಲಿ ಪ್ರತೀತಿ.

ಮಾವನ ಕಣ್ಣು ಇಸುಜುವಿನ ಮೇಲೆ ಬಿದ್ದದ್ದು ಆಗ. ಹಿಂದೂಸ್ತಾನ್ ಮೋಟಾರ್ಸಿನವರು ಕಾಂಟೆಸ್ಸಾಕ್ಕೆ ಹಾಕುತ್ತಿದ್ದ ಇಸುಜುವಿನ 1817 ಸಿಸಿ ಪೆಟ್ರೋಲ್ ಇಂಜಿನ್ನನ್ನು 1990ರ ದಶಕದ ಆರಂಭದಲ್ಲಿ ಅಂಬಾಸಿಡರಿಗೂ ಕೂರಿಸಿ, ಐದು ಗೇರಿನ ಪೆಟ್ಟಿಗೆ ಸಮೇತ ಮಾರಲು ಶುರುಮಾಡಿದ್ದರು. ‘ಕಂಪನಿಯೇ ಹಾಕಿದೆ ಅಂದಮೇಲೆ ನಾವು ಹಾಕಿದರೆ ಏನು ತಪ್ಪು’ ಎಂಬುದು ಮಾವನ ವಾದ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಅಂಥದ್ದೊಂದು ಇಂಜಿನ್ ಗೇರ್‌ಬಾಕ್ಸಿನ ಜೊತೆ ಸಿಕ್ಕಿತು. ಅಡಿಕೆ ಲೋಡು ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಊರಿಗೆ ಬಂತು. ಮಾವ ಕಾನೂನಿಗೂ ಹೆದರುವವರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ ಗಾಡಿಯನ್ನು ಮನಬಂದ ಹಾಗೆ ಬದಲಿಸುವಂತಿಲ್ಲ, ಇಂಜಿನ್ ನಂಬರು ಆರ್‌ಸಿ ಪುಸ್ತಕದಲ್ಲಿ ಇರುವುದೇ ಆಗಿರಬೇಕು. ಆದ್ದರಿಂದ ಸ್ಪ್ಯಾನರ್ ಮುಟ್ಟುವ ಮೊದಲೇ ಆರ್‌ಟಿಒಗೆ ಅರ್ಜಿ ಹೋಯಿತು. ಇಂಜಿನ್ ಕೂತು, ಗಾಡಿ ಓಡಿಸಿಕೊಂಡು ಹೋಗಿ ಇನ್‌ಸ್ಪೆಕ್ಟರಿಗೆ ತೋರಿಸಿದರೆ ಆಯಿತು ಎಂಬಲ್ಲಿಗೆ ಬಂದು ನಿಂತಿತ್ತು. ಓಡಿಸಿಕೊಂಡು ಹೋಗುವುದಷ್ಟೇ ಬಾಕಿ.

ಇಂಜಿನ್ ಕೂರಿಸುವ ಕೆಲಸ ನೋಡಲು ಬಲು ಚೆನ್ನ. ಹಲಸಿನ ಕೊಂಬೆಗೆ ಚೈನ್ ಬ್ಲಾಕ್ ಕಟ್ಟಿ ಹಳೆಯದನ್ನು ಎತ್ತಿದ್ದು, ಅದನ್ನು ಅಡಿಕೆ ಸುಲಿಯುವ ಚಪ್ಪರದ ಮೂಲೆಗೆ ಉರುಳಿಸಿ ಗೋಣಿಚೀಲ ಹೊದಿಸಿದ್ದು, ಹೊಸದನ್ನು ಇಳಿಸಿದ್ದು, ಎಲ್ಲವೂ ಸಾಂಗವಾಗಿ ನಡೆಯಿತು. ಮೌಂಟಿಂಗ್ ಕೂತವು, ಪ್ರೊಪೆಲ್ಲರ್ ಶಾಫ್ಟಿನ ಅಳತೆ ಹೊಂದಿತು, ರೇಡಿಯೇಟರಿಗೆ ನೀರು ಬಿತ್ತು. ಮೇಸ್ತ್ರಿ ಕೈ ಒರೆಸಿಕೊಂಡರು. ಅತ್ತೆ ಬಾನೆಟ್ಟಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದರು. ನನಗೆ ಕೊಟ್ಟ ಕೆಲಸ ಕೀ ತಿರುಗಿಸುವುದು. ಮುಂದೆ ನಡೆದ ಸಮಸ್ತ ಸಂಶೋಧನೆಯಲ್ಲೂ ನನ್ನ ಪಾತ್ರ ಇಷ್ಟೇ ಆಗಿತ್ತು.

ತಿರುಗಿಸಿದೆ. ‘ಟಕ್’ ಎಂದಿತು. ಬಿಟ್ಟು ಮತ್ತೆ ತಿರುಗಿಸಿದೆ. ಮತ್ತೊಂದು ‘ಟಕ್’. ನಿಂಬೆಹಣ್ಣು ಹಾಗೇ ಉಳಿಯಿತು.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಕಟ್ಟುನಿಟ್ಟಾದ ಜಾತಿ ವ್ಯವಸ್ಥೆ ಇದೆ. ಮೆಕ್ಯಾನಿಕ್ ವೈರು ಮುಟ್ಟುವುದಿಲ್ಲ. ಎಲೆಕ್ಟ್ರಿಷಿಯನ್ ಸ್ಪ್ಯಾನರ್ ಹಿಡಿಯುವುದಿಲ್ಲ. ರೇಡಿಯೇಟರಿನವರೇ ಬೇರೆ, ತಗಡು ತಟ್ಟುವವರೇ ಬೇರೆ, ಬ್ಯಾಟರಿಗೆ ನೀರು ಹಾಕುವವರಿಗೆ ಪ್ರತ್ಯೇಕ ಅಂಗಡಿ, ಪ್ರತ್ಯೇಕ ಬೋರ್ಡು. ಕಾರು ಓಡುತ್ತಿರುವಾಗ ಇದರಿಂದ ಯಾರಿಗೂ ತೊಂದರೆಯಿಲ್ಲ. ನಿಂತಾಗ ಮಾತ್ರ, ದೋಷ ಯಾರ ಸರಹದ್ದಿನಲ್ಲಿದೆ ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ. ಮೇಸ್ತ್ರಿ ‘ಟಕ್’ ಕೇಳಿದ ಕೂಡಲೇ, ‘ಇದು ಕರೆಂಟಿನ ವಿಷಯ. ನನ್ನ ಕೆಲಸ ಮುಗೀತು’ ಎಂದು ಬೀಡಿ ಹಚ್ಚಿದರು.

ತೀರ್ಥಹಳ್ಳಿಯಿಂದ ಎಲೆಕ್ಟ್ರಿಷಿಯನ್ ಹುಡುಗ ಬಂದ. ಅವನ ಆಯುಧ ಒಂದು ಟೆಸ್ಟ್ ಲ್ಯಾಂಪು. ಹೋಲ್ಡರಿನಲ್ಲಿ ಬಲ್ಬು, ಅದಕ್ಕೆ ಎರಡು ವೈರು, ಒಂದರ ತುದಿಗೆ ಮೊಸಳೆ ಬಾಯಿಯ ಕ್ಲಿಪ್ಪು. ಕ್ಲಿಪ್ಪನ್ನು ಬಾಡಿಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಸ್ಟಾರ್ಟರ್ ಮೋಟಾರಿನ ದಪ್ಪ ಬೋಲ್ಟಿಗೆ ತಾಗಿಸಿದ. ಬಲ್ಬು ಝಗ್ಗನೆ ಉರಿಯಿತು. ‘ಕರೆಂಟು ಬರ್ತಾ ಉಂಟು. ಇಂಜಿನ್ ಜಾಮ್’ ಅಂದ. ಮೇಸ್ತ್ರಿಗೆ ಸಿಟ್ಟು ಬಂತು. ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಇಂಜಿನ್ನನ್ನು ಕೈಯಲ್ಲೇ ತಿರುಗಿಸಿ ತೋರಿಸಿದರು. ಜಾಮ್ ಆಗಿರಲಿಲ್ಲ. ಕರೆಂಟೂ ಬರುತ್ತಿದೆ, ಇಂಜಿನ್ನೂ ತಿರುಗುತ್ತದೆ, ಕಾರು ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಅತ್ತೆ ಎಲ್ಲರಿಗೂ ಕಾಫಿ ಮಾಡಿದರು.

ಕಾಫಿಯ ನಂತರ ಟ್ರ್ಯಾಕ್ಟರಿನ ದೊಡ್ಡ ಬ್ಯಾಟರಿ ಹೊತ್ತು ತಂದು ಜೋಡಿಸಿದರು. ಟಕ್. ಸ್ಟಾರ್ಟರನ್ನೇ ಬಿಚ್ಚಿ ನೆಲದ ಮೇಲಿಟ್ಟು ಬ್ಯಾಟರಿಯಿಂದ ನೇರ ಎರಡು ದಪ್ಪ ವೈರು ಕೊಟ್ಟು ನೋಡಿದರು. ಅದು ಅಂಗಳದಲ್ಲಿ ಗಿರ್ರನೆ ಸುತ್ತಿ, ಕಾಲು ಮೇಲಿಟ್ಟು ಒತ್ತಿ ಹಿಡಿದಿದ್ದ ಹುಡುಗನನ್ನೂ ಅರ್ಧ ಸುತ್ತು ತಿರುಗಿಸಿತು. ಮತ್ತೆ ಒಳಗೆ ಕೂರಿಸಿದರು. ಟಕ್. ಸ್ಟಾರ್ಟರಿನಲ್ಲಿ ದೋಷವಿಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕಿತ್ತು. ನೆಲದ ಮೇಲೆ ಓಡುವುದು ಕಾರಿನೊಳಗೆ ಯಾಕೆ ಓಡುವುದಿಲ್ಲ ಎಂದು ಯಾರೂ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದರ ಬದಲು ಸ್ಟಾರ್ಟರಿನ ಬುಷ್ ಬದಲಿಸಬೇಕೆಂದು ತೀರ್ಮಾನವಾಯಿತು.

ಸ್ಟಾರ್ಟರ್ ಮೋಟಾರೆಂಬುದೇ ನಮ್ಮನ್ನು ಕೆಡಿಸಿತು ಎನ್ನುವ ಪಂಗಡ ಮಲೆನಾಡಿನಲ್ಲಿ ಇನ್ನೂ ಇದೆ. 1912ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬರುವ ಮೊದಲು ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತಿತ್ತು. ನಮ್ಮ ಊರಿನ ಎಸ್ಟೇಟ್ ಜೀಪುಗಳವರು ಹ್ಯಾಂಡಲ್ಲನ್ನೂ ಸ್ಟಾರ್ಟರನ್ನೂ ಸಮಾನವಾಗಿ ತಿರಸ್ಕರಿಸಿ ಇಳಿಜಾರಿನ ಮೊರೆ ಹೋದವರು. ಮನೆ ಕಟ್ಟುವಾಗಲೇ ಜೀಪು ನಿಲ್ಲಿಸಲು ಇಳಿಜಾರು ಎಲ್ಲಿದೆ ಎಂದು ನೋಡಿ ಕಟ್ಟಿದವರಿದ್ದಾರೆ. ಹಳೆಯ ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಹಾಕಿಸಿಕೊಂಡ ಮೇಲಂತೂ ಸ್ಪಾರ್ಕಿನ ಗೊಡವೆಯೂ ತಪ್ಪಿತು. ಇಳಿಜಾರಿನಲ್ಲಿ ಬಿಟ್ಟು ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಸ್ಟಾರ್ಟು, ಡ್ಯಾಶ್‌ಬೋರ್ಡಿನ ಕೆಳಗಿನ ತಂತಿ ಎಳೆದರೆ ಬಂದ್. ಅವರ ಜೀಪಿನಲ್ಲಿ ಕೀ ಇರುವುದು ದೇವರ ಫೋಟೋದ ಪಕ್ಕ ನೇತುಹಾಕಲು. ಮಾವನ ಅಂಗಳ ಮಾತ್ರ ದುರದೃಷ್ಟಕ್ಕೆ ಸಮತಟ್ಟು, ಅಡಿಕೆ ಒಣಗಿಸುವುದಕ್ಕೆಂದೇ ಮಾಡಿದ್ದು.

ಮರುದಿನ ವೈರಿಂಗ್ ಅಜ್ಜ ಬಂದರು. ಅವರು ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಮೊಮ್ಮಗ ಬೈಕಿನಲ್ಲಿ ಕರೆತಂದು ಇಳಿಸಿ ಹೋದ. ಅಜ್ಜ ಬಾನೆಟ್ಟಿನ ಹತ್ತಿರವೂ ಸುಳಿಯಲಿಲ್ಲ. ಕಾರಿನ ಮುಂದೆ ಬೆಂಚು ಹಾಕಿಸಿಕೊಂಡು ಕೂತು, ‘ಹೆಡ್‌ಲೈಟ್ ಹಾಕು. ಈಗ ಕೀ ತಿರುಗಿಸು’ ಅಂದರು.

ತಿರುಗಿಸಿದೆ. ಟಕ್. ‘ಸಾಕು’ ಅಂದರು. ಹೆಡ್‌ಲೈಟು ಸೊರಗಿರಲಿಲ್ಲ.

ಇದರಲ್ಲಿ ಎಷ್ಟು ಸುದ್ದಿ ಇದೆ ಎಂದು ನನಗೆ ತಿಳಿದದ್ದು ಅವರು ವಿವರಿಸಿದ ಮೇಲೆ. ಕೀ ತಿರುಗಿಸಿದಾಗ ಲೈಟು ಕೆಂಪಗಾಗಿ ಆರಿಹೋಗುವ ಹಾಗಿದ್ದರೆ ಬ್ಯಾಟರಿ ಸತ್ತಿದೆ, ಇಲ್ಲವೇ ಅದರ ಟರ್ಮಿನಲ್ಲಿಗೆ ಹಸಿರು ಹಿಡಿದಿದೆ, ಇಲ್ಲವೇ ಇಂಜಿನ್ ನಿಜಕ್ಕೂ ಜಾಮ್. ಲೈಟು ಪ್ರಖರವಾಗಿಯೇ ಇದ್ದು ಸದ್ದೇ ಇಲ್ಲವಾದರೆ ಕೀಯಿಂದ ಸ್ಟಾರ್ಟರಿನ ಸ್ವಿಚ್ಚಾದ ಸೊಲೆನಾಯ್ಡಿಗೆ ಹೋಗುವ ಸಣ್ಣ ವೈರಿನಲ್ಲಿ ತೊಂದರೆ. ಲೈಟೂ ಇದೆ, ಟಕ್ಕೂ ಇದೆ ಎಂದರೆ ಸಣ್ಣ ಕರೆಂಟು ದಾಟುತ್ತಿದೆ, ದೊಡ್ಡ ಕರೆಂಟು ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಬೆಂಚಿನ ಮೇಲೆ ಕೂತು ಮುಕ್ಕಾಲು ಪಾಲು ಕಾರನ್ನು ಅವರು ಆಪಾದನೆಯಿಂದ ಬಿಡುಗಡೆ ಮಾಡಿದ್ದರು.

ದೊಡ್ಡ ಕರೆಂಟು ಎಂದರೆ ಎಷ್ಟು ದೊಡ್ಡದು? ಹುಡುಗನ ಟೆಸ್ಟ್ ಲ್ಯಾಂಪಿನ 5 ವ್ಯಾಟಿನ ಬಲ್ಬಿಗೆ ಬೇಕಾದದ್ದು ಅರ್ಧ ಆಂಪಿಯರಿಗೂ ಕಡಿಮೆ. ಸ್ಟಾರ್ಟರಿಗೆ 150 ಆಂಪಿಯರ್, ತಣ್ಣನೆ ಬೆಳಿಗ್ಗೆ ಇನ್ನೂ ಹೆಚ್ಚು. ದಪ್ಪ ಕೇಬಲ್ಲಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಬಲ್ಬು ಸಂತೋಷವಾಗಿ ಉರಿಯುತ್ತದೆ, ಸ್ಟಾರ್ಟರ್ ಅಲುಗುವುದಿಲ್ಲ. ಮಲ್ಟಿಮೀಟರಂತೂ ಬಲ್ಬಿಗಿಂತ ಭೋಳೆ ಸ್ವಭಾವದ್ದು. ಅದಕ್ಕೆ ಓದಲು ಬೇಕಾಗುವ ಕರೆಂಟು ಏನೂ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ತುಕ್ಕು ಹಿಡಿದ ಜಾಯಿಂಟಿನ ಆಚೆಯೂ 12 ವೋಲ್ಟು ತೋರಿಸಿ ನಂಬಿಸುತ್ತದೆ. ಇದರ ಹಿಂದಿರುವುದು ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ಲೆಕ್ಕವೇ, ಶಾಲೆಯಲ್ಲಿ ನಾವೆಲ್ಲ ಕಾಪಿ ಪುಸ್ತಕದಲ್ಲಿ ಬರೆದು ಮರೆತದ್ದು. ಒಂದು ಓಮಿನ ನೂರನೇ ಒಂದು ಭಾಗದಷ್ಟು ಅಡ್ಡಿ ದಾರಿಯಲ್ಲಿದ್ದರೆ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ. 150 ಆಂಪಿಯರ್ ಅದೇ ದಾರಿಯಲ್ಲಿ ಹೋಗಬೇಕಾದರೆ ಅಲ್ಲೇ ಒಂದೂವರೆ ವೋಲ್ಟು ಸುಂಕ ಕಟ್ಟಬೇಕು. ಆದ್ದರಿಂದ ಕರೆಂಟು ಬರುತ್ತದೋ ಇಲ್ಲವೋ ಎಂದು ಸುಮ್ಮನೆ ನಿಂತ ಕಾರಿನಲ್ಲಿ ನೋಡಿ ಪ್ರಯೋಜನವಿಲ್ಲ. ಸ್ಟಾರ್ಟರ್ ಎಳೆಯುತ್ತಿರುವಾಗಲೇ ನೋಡಬೇಕು. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟು ಇರುತ್ತದೆ. ಎಳೆಯುವಾಗ ಇಳಿಯುವುದು ಸಹಜ, ಆದರೆ 9.6ಕ್ಕಿಂತ ಕೆಳಗೆ ಹೋಗಬಾರದು.

ಅಜ್ಜ ಹುಡುಗನ ಟೆಸ್ಟ್ ಲ್ಯಾಂಪನ್ನೇ ಕೇಳಿ ಪಡೆದರು. ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಕಚ್ಚಿಸಿ ಇನ್ನೊಂದು ತುದಿಯನ್ನು ಇಂಜಿನ್ನಿನ ಮೈಗೆ ಒತ್ತಿ ಹಿಡಿಯಲು ಹೇಳಿದರು. ಹುಡುಗ ನಕ್ಕ. ‘ಎರಡೂ ಮೈನಸ್ಸೇ ಅಲ್ವಾ ಅಜ್ಜ, ಬಲ್ಬು ಹೇಗೆ ಉರೀತದೆ?’

‘ಉರೀಬಾರದು’ ಅಂದರು ಅಜ್ಜ. ‘ತಿರುಗಿಸು.’

ತಿರುಗಿಸಿದೆ. ಬಲ್ಬು ಉರಿಯಿತು.

ಅಷ್ಟರಲ್ಲಿ ನನ್ನ ಮೊಣಕಾಲಿನ ಹತ್ತಿರ ರಬ್ಬರು ಸುಟ್ಟ ವಾಸನೆ. ಡ್ಯಾಶ್‌ಬೋರ್ಡಿನ ಚೋಕ್ ಗುಂಡಿ ಮುಟ್ಟಿದರೆ ಬಿಸಿ. ಅಲ್ಲಿಂದ ಕಾರ್ಬುರೇಟರಿಗೆ ಹೋಗುವ ತಂತಿಯ ಹೊದಿಕೆಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

ಬ್ಯಾಟರಿಯಿಂದ ಹೊರಟ ಕರೆಂಟು ಸ್ಟಾರ್ಟರಿಗೆ ಹೋಗುವ ದಾರಿ ಎಲ್ಲರಿಗೂ ಗೊತ್ತು. ಹೆಬ್ಬೆರಳು ಗಾತ್ರದ ಕೇಬಲ್ಲು, ಹಿತ್ತಾಳೆ ಬೋಲ್ಟು, ಎಲ್ಲರೂ ಅದನ್ನೇ ಉಜ್ಜುತ್ತಾರೆ. ಕೆಲಸ ಮುಗಿಸಿದ ಕರೆಂಟು ಬ್ಯಾಟರಿಗೆ ಮರಳಿ ಬರಬೇಕಲ್ಲ, ಅದರ ದಾರಿ ಯಾರ ಗಮನಕ್ಕೂ ಬರುವುದಿಲ್ಲ. ಬ್ಯಾಟರಿಯ ಮೈನಸ್ಸು ಕಾರಿನ ಬಾಡಿಗೆ ಸೇರಿರುತ್ತದೆ. ಇಂಜಿನ್ ಮಾತ್ರ ರಬ್ಬರಿನ ಮೌಂಟಿಂಗುಗಳ ಮೇಲೆ ಕೂತು ಬಾಡಿಯಿಂದ ಬೇರೆಯಾಗಿರುತ್ತದೆ. ಇವೆರಡನ್ನು ಸೇರಿಸಲು ಹೆಣೆದ ತಾಮ್ರದ ಒಂದು ಪಟ್ಟಿ, ಅರ್ಥ್ ಸ್ಟ್ರ್ಯಾಪ್, ಇರಬೇಕು. ನಮ್ಮ ಕಡೆಯ ಮದುವೆಗಳಲ್ಲಿ ದಿಬ್ಬಣ ಹೊರಡಲು ಸ್ಪೆಷಲ್ ಬಸ್ಸು ಮಾಡುತ್ತಾರೆ, ಬಸ್ಸಿಗೆ ಬಾಳೆಕಂದು ಕಟ್ಟುತ್ತಾರೆ, ಸೀಟು ಲೆಕ್ಕ ಹಾಕುತ್ತಾರೆ. ಊಟ ಮುಗಿದ ಮೇಲೆ ವಾಪಸು ಹೋಗುವುದು ಹೇಗೆಂದು ಯಾರೂ ಯೋಚಿಸಿರುವುದಿಲ್ಲ. ನೆಂಟರು ಸಿಕ್ಕಿದ ಹಾಲಿನ ವ್ಯಾನು, ಮರಳಿನ ಲಾರಿ ಎಂದು ನೇತಾಡಿಕೊಂಡು ಊರು ಸೇರುತ್ತಾರೆ. ಮಾವನ ಕಾರಿನಲ್ಲಿ 150 ಆಂಪಿಯರಿನ ದಿಬ್ಬಣ ಬಡಪಾಯಿ ಚೋಕ್ ತಂತಿಯನ್ನು ಹಿಡಿದು ಮನೆಗೆ ಹೊರಟಿತ್ತು.

ಸ್ಟಾರ್ಟರನ್ನು ನೆಲದ ಮೇಲಿಟ್ಟಾಗ ಅದು ಓಡಿದ್ದರ ಗುಟ್ಟೂ ಇದೇ. ಅಲ್ಲಿ ಮರಳುವ ದಾರಿಯನ್ನೂ ಅವರೇ ದಪ್ಪ ವೈರಿನಲ್ಲಿ ಕೊಟ್ಟಿದ್ದರು.

‘ಸ್ಟ್ರ್ಯಾಪ್ ಎಲ್ಲಿ?’ ಎಂದು ಅಜ್ಜ ಕೇಳಿದರು. ಮೇಸ್ತ್ರಿ ಹುಡುಗನನ್ನು ನೋಡಿದರು, ಹುಡುಗ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿಯ ಪ್ರಕಾರ ಅದು ವೈರು. ಹುಡುಗನ ಪ್ರಕಾರ ಅದು ಬೋಲ್ಟಿನಲ್ಲಿ ಕೂರುವ ಪಟ್ಟಿ, ಅಂದರೆ ಕಬ್ಬಿಣದ ಕೆಲಸ. ಚಪ್ಪರಕ್ಕೆ ಹೋಗಿ ಗೋಣಿಚೀಲ ಸರಿಸಿ ನೋಡಿದರೆ ಹಳೆಯ ಇಂಜಿನ್ನಿನ ಬದಿಯಲ್ಲಿ ಅದು ಭದ್ರವಾಗಿ ಬೋಲ್ಟ್ ಆಗಿ, ಇನ್ನೊಂದು ತುದಿ ಅಡಿಕೆ ಸಿಪ್ಪೆಯ ಮೇಲೆ ಮಲಗಿತ್ತು. ಅದನ್ನು ಬಿಚ್ಚಿ ತಂದು, ಬಾಡಿಯ ಬಣ್ಣವನ್ನು ತಗಡು ಕಾಣುವವರೆಗೆ ಕೆರೆದು ಕೂರಿಸಿದರು. ಕೆರೆಯುವಾಗ ಮಾವನಿಗೆ ಸಂಕಟವಾಯಿತು, ಪೇಂಟು ಹೊಸದು. ಅಜ್ಜ ಪೇಂಟಿನ ಮೂಲಕ ಕರೆಂಟು ಕಳಿಸುವ ವಿದ್ಯೆ ತಮಗೆ ಬಾರದು ಅಂದರು.

ಈ ಸಲ ಕೀ ತಿರುಗಿಸಿದಾಗ ಇಂಜಿನ್ ಗರಗರ ತಿರುಗಿತು, ಒಮ್ಮೆ ಕೆಮ್ಮಿತು, ಹೊತ್ತಿಕೊಂಡಿತು. ಅಂಗಳದಲ್ಲಿ ಚಪ್ಪಾಳೆ. ನಾನು ಕೀ ಬಿಟ್ಟೆ. ಇಂಜಿನ್ ನಿಂತಿತು. ಮತ್ತೆ ತಿರುಗಿಸಿದರೆ ಮತ್ತೆ ಹೊತ್ತಿಕೊಳ್ಳುತ್ತದೆ, ಬಿಟ್ಟ ಕ್ಷಣ ಸಾಯುತ್ತದೆ.

‘ಪೆಟ್ರೋಲು’ ಎಂದು ಯಾರೋ ಅಂದರು. ಅಜ್ಜ ತಿರುಗಿಯೂ ನೋಡಲಿಲ್ಲ. ಪೆಟ್ರೋಲು ಸಾಲದ ಇಂಜಿನ್ ಕೀ ಬಿಡುವುದನ್ನೇ ಕಾದು ಸಾಯುವುದಿಲ್ಲ, ತನಗೆ ತೋಚಿದಾಗ ಸಾಯುತ್ತದೆ. ಇಷ್ಟು ನಿಖರವಾಗಿ ಕೀಯ ಜೊತೆಗೇ ಪ್ರಾಣ ಬಿಡುವುದು ಇಗ್ನಿಷನ್ ಕಾಯಿಲಿಗೆ ಹೋಗುವ ವೈರು ತಪ್ಪು ಜಾಗದಲ್ಲಿದ್ದಾಗ. ಕೀ ಸ್ವಿಚ್ಚಿನ ಹಿಂದೆ, ಕೀಯನ್ನು ಪೂರ್ತಿ ತಿರುಗಿಸಿ ಹಿಡಿದಾಗಷ್ಟೇ ಜೀವ ಬರುವ ಒಂದು ಪಿನ್ನು ಇರುತ್ತದೆ, ಅದು ಸ್ಟಾರ್ಟರಿನದು. ಕೀ ಬಿಟ್ಟ ಮೇಲೂ ಜೀವ ಉಳಿಯುವ ಪಿನ್ನು ಬೇರೆ, ಅದು ಕಾಯಿಲಿನದು. ಎರಡನ್ನೂ ಮೊದಲನೆಯದಕ್ಕೇ ಜೋಡಿಸಿದರೆ ಮಾವನ ಕಾರಿನ ಸ್ಥಿತಿ. ಬ್ಯಾಲಾಸ್ಟ್ ರೆಸಿಸ್ಟರ್ ಇರುವ ಇಂಜಿನ್ನುಗಳಲ್ಲಿ ಆ ರೆಸಿಸ್ಟರ್ ಸುಟ್ಟರೂ ಇದೇ ಲಕ್ಷಣ. ತದ್ವಿರುದ್ಧದ ರೋಗವೂ ಉಂಟು: ಎಷ್ಟು ಹೊತ್ತು ತಿರುಗಿಸಿದರೂ ಹೊತ್ತದು, ಬೇಸತ್ತು ಕೀ ಬಿಟ್ಟ ಗಳಿಗೆಯಲ್ಲಿ ಹೊತ್ತಿಕೊಳ್ಳುತ್ತದೆ. ಅಲ್ಲಿ ಸ್ಟಾರ್ಟ್ ಮಾಡುವಾಗ ಕಾಯಿಲಿಗೆ ಕರೆಂಟು ತಪ್ಪುತ್ತಿರುತ್ತದೆ. ನನಗೆ ಈ ಎರಡನೆಯದು ಬಹಳ ಇಷ್ಟ, ಅನುಭವಿಸುವವರಿಗೆ ಇಷ್ಟವಾಗಲಾರದು.

ತಪ್ಪು ಪಿನ್ನಿಗೆ ಯಾಕೆ ಹೋಯಿತು ಎಂದು ನೋಡಲು ಅಜ್ಜ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿದರು. ಹೊರಗೆ ತೆಗೆದಾಗ ಅವರ ಮುಖ ನೋಡಬೇಕಿತ್ತು. ಹಳೆಯ ಇಂಗ್ಲಿಷ್ ಕಾರುಗಳ ವೈರಿಂಗಿಗೆ ಒಂದು ಬಣ್ಣದ ಶಿಸ್ತು ಇದೆ. ಕಂದು ಬಣ್ಣದ್ದು ಬ್ಯಾಟರಿಯಿಂದ ನೇರ ಬಂದದ್ದು, ಬಿಳಿಯದು ಕೀ ಹಾಕಿದ ಮೇಲೆ ಜೀವ ಬರುವುದು, ಹಸಿರು ಫ್ಯೂಸ್ ದಾಟಿ ಬಂದದ್ದು, ಕಪ್ಪು ಅರ್ಥ್. ಎಷ್ಟೋ ಜಪಾನೀ ಕಾರುಗಳಲ್ಲಿ ಬಿಳಿಯದೇ ಬ್ಯಾಟರಿಯ ನೇರ ವೈರು, ಕೀ ಕೈಯಲ್ಲಿದ್ದರೂ ಅದು ಎಚ್ಚರವಾಗಿರುತ್ತದೆ. ಒಂದು ದೇಶದ ಕಾರಿಗೆ ಇನ್ನೊಂದು ದೇಶದ ಇಂಜಿನ್ ಕೂರಿಸಿದವರು ಬಿಳಿ ಬಿಳಿಯನ್ನು ನಂಬಿ ಜೋಡಿಸಿ ಕೈ ಸುಟ್ಟುಕೊಂಡದ್ದಿದೆ. ಮಾವನ ಕಾರಿನಲ್ಲಿ ಈ ಗೊಂದಲಕ್ಕೆ ಆಸ್ಪದವೇ ಇರಲಿಲ್ಲ. ಹುಡುಗ ಎಲ್ಲವನ್ನೂ ಕೆಂಪು ವೈರಿನಲ್ಲೇ ಮಾಡಿದ್ದ. ‘ಅಂಗಡೀಲಿ ಕೆಂಪು ರೋಲ್ ಇತ್ತು’ ಅಂದ.

ಕಾರ್ಬುರೇಟರಿನ ಇಂಜಿನ್ನಿಗೆ ಬೇಕಾದ ವೈರು ಎಷ್ಟು? ಸ್ಟಾರ್ಟರಿಗೆ ದಪ್ಪದ್ದೊಂದು, ಸೊಲೆನಾಯ್ಡಿಗೆ ಸಣ್ಣದೊಂದು, ಕಾಯಿಲಿಗೊಂದು, ಆಲ್ಟರ್ನೇಟರಿಗೆ ಎರಡು, ಆಯಿಲ್ ಪ್ರೆಷರಿಗೆ, ನೀರಿನ ಬಿಸಿಗೆ ಒಂದೊಂದು. ಬೆರಳಲ್ಲಿ ಎಣಿಸಿ ಮುಗಿಯುವಷ್ಟು. ಕೆಂಪು ಒಂದೇ ಆದಾಗ ಅಷ್ಟೂ ಒಗಟೇ. ಅಜ್ಜ ಒಂದೊಂದನ್ನೇ ಹಿಡಿದು, ನನ್ನಿಂದ ಕೀ ತಿರುಗಿಸಿ ಬಿಡಿಸಿ, ಯಾವುದು ಯಾವಾಗ ಎಚ್ಚರಗೊಳ್ಳುತ್ತದೆ ಎಂದು ನೋಡಿ, ಬೀಡಿಕಟ್ಟಿನ ಕಾಗದದ ಚೂರುಗಳ ಮೇಲೆ ಬರೆದು ಕಟ್ಟಿದರು. ಸಂಜೆಯಾಯಿತು.

ಈಚೆಗೆ ನನ್ನ ಸೋದರಸಂಬಂಧಿಯೊಬ್ಬ ಹಳೆಯ ಜಿಪ್ಸಿಗೆ ಎಸ್ಟೀಮಿನ, ಕಂಪ್ಯೂಟರ್ ನಡೆಸುವ ಎಂಪಿಎಫ್‌ಐ ಇಂಜಿನ್ ಹಾಕಿಸಿದ. 1298 ಸಿಸಿಯ ಒಂದೇ ಮನೆತನ ಎರಡೂ ಕಾರುಗಳಲ್ಲಿ ಇದ್ದದ್ದರಿಂದ ಕಬ್ಬಿಣದ ಕೆಲಸ ಸಲೀಸಾಯಿತು. ಸ್ಟಾರ್ಟರ್ ಚೆನ್ನಾಗಿ ಸುತ್ತುತ್ತದೆ, ಇಂಜಿನ್ ಹೊತ್ತುವುದಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಕೀ ಹಾಕಿದಾಗ ಇಂಜಿನ್ ಚಿತ್ರದ ಹಳದಿ ದೀಪ ಬರುತ್ತದೆಯೇ? ಬರದಿದ್ದರೆ ಕಂಪ್ಯೂಟರಿಗೇ ಕರೆಂಟಿಲ್ಲ, ಇಲ್ಲವೇ ಅದರ ಅರ್ಥ್ ಕೂತಿಲ್ಲ. ಹಿಂದಿನ ಟ್ಯಾಂಕಿನಲ್ಲಿ ಪಂಪು ಎರಡು ಸೆಕೆಂಡು ಗುಂಯ್ ಅನ್ನುತ್ತದೆಯೇ? ಇಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಸುದ್ದಿ ಕೊಡುವ ಸೆನ್ಸರಿನ ಪ್ಲಗ್ಗು ಹಾಕಿದೆಯೇ? ಎಲ್ಲ ಸರಿಯಿದ್ದೂ ಹೊತ್ತದಿದ್ದರೆ ಇಮ್ಮೊಬಿಲೈಸರನ್ನು ಸಂಶಯಿಸಬೇಕು. ಅದಿರುವ ಕಾರುಗಳಲ್ಲಿ ಕೀಯ ತಲೆಯೊಳಗೆ ಒಂದು ಚಿಪ್ಪು ಇರುತ್ತದೆ. ಕೀ, ಇಮ್ಮೊಬಿಲೈಸರಿನ ಡಬ್ಬಿ, ಇಂಜಿನ್ನಿನ ಕಂಪ್ಯೂಟರು ಮೂರೂ ಪರಸ್ಪರ ಪರಿಚಿತರಾಗಿರಬೇಕು. ಗುಜರಿಯಲ್ಲಿ ಇಂಜಿನ್ನೂ ಕಂಪ್ಯೂಟರೂ ಕೊಂಡು ಕೀ ಬಿಟ್ಟು ಬಂದವರನ್ನು ಆ ಡಬ್ಬಿ ಕಳ್ಳರೆಂದೇ ತಿಳಿಯುತ್ತದೆ. ಗುಜರಿಯ ಇಂಜಿನ್ ಮಟ್ಟಿಗೆ ಅದರ ಅನುಮಾನ ಪೂರ್ತಿ ನಿರಾಧಾರವೆಂದು ಹೇಳಲು ನಾನು ಸಿದ್ಧನಿಲ್ಲ. ಜಿಪ್ಸಿಯಲ್ಲಿ ಕೊನೆಗೆ ಸಿಕ್ಕಿದ್ದು, ಕಂಪ್ಯೂಟರಿನ ಕಪ್ಪು ವೈರಿನ ರಿಂಗು ಯಾವ ಬೋಲ್ಟಿಗೂ ಸೇರದೆ ಇನ್ಸುಲೇಷನ್ ಟೇಪಿನಲ್ಲಿ ಅಂದವಾಗಿ ಸುತ್ತಿಟ್ಟದ್ದು. ಸುತ್ತಿದವರಿಗೆ ಅದು ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ, ನೇತಾಡುವುದು ಚೆನ್ನಾಗಿ ಕಾಣಲಿಲ್ಲ. ಇಲ್ಲಿಯೂ ಮರಳುವ ದಾರಿಯೇ.

ಅಂಬಾಸಿಡರಿಗೆ ಬರೋಣ. ಕಾಯಿಲಿನ ವೈರು ಸರಿಯಾದ ಪಿನ್ನಿಗೆ ಹೋದ ಮೇಲೆ ಇಂಜಿನ್ ಹೊತ್ತಿತು, ಉಳಿಯಿತು. ಇಸುಜುವಿನ ನಯವಾದ ಸದ್ದು. ಅತ್ತೆ ನಿಂಬೆಹಣ್ಣು ಹೊಸದು ತಂದಿಟ್ಟರು, ಮೊದಲಿನದು ಒಣಗಿತ್ತು. ಮಾವ ಸ್ವತಃ ಕೂತು ತೋಟದ ಗೇಟಿನವರೆಗೆ ಓಡಿಸಿ ವಾಪಸು ತಂದು ನಿಲ್ಲಿಸಿ, ಕೀ ತಿರುಗಿಸಿ, ತೆಗೆದು ಜೇಬಿಗೆ ಹಾಕಿಕೊಂಡು ಇಳಿದರು. ಇಂಜಿನ್ ಓಡುತ್ತಲೇ ಇತ್ತು.

ಮಾವ ಜೇಬು ಮುಟ್ಟಿ ನೋಡಿಕೊಂಡರು. ಕೀ ಅಲ್ಲೇ ಇತ್ತು.

ಸ್ಟಾರ್ಟ್ ಮಾಡಲು ಅಷ್ಟು ಪಾಡುಪಟ್ಟ ಕಾರನ್ನು ಈಗ ನಿಲ್ಲಿಸುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಅಜ್ಜ ಬೆಂಚಿನ ಮೇಲಿಂದ ‘ಟಾಪ್ ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಡಿ’ ಎಂದು ಕೂಗಿದರು. ಮಾವ ಹಾಗೆ ಮಾಡಿದಾಗ ಕಾರು ಒಮ್ಮೆ ನಡುಗಿ, ನಿಂಬೆಹಣ್ಣನ್ನು ಹಿಚುಕಿ, ನಿಂತಿತು.

ಹುಡುಗ ತಾನೇ ಒಪ್ಪಿಕೊಂಡ. ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ದೀಪದ ಬಲ್ಬು ಸುಟ್ಟಿತ್ತಂತೆ. ಬಲ್ಬು ಸಿಕ್ಕಾಗ ಹಾಕಿದರಾಯಿತೆಂದು ಅದರ ಎರಡು ವೈರನ್ನು ನೇರ ಗಂಟು ಹಾಕಿದ್ದ. ಆ ಕೆಂಪು ದೀಪ ಬರೀ ತೋರಿಕೆಗೆ ಇರುವುದೆಂದು ಎಲ್ಲರೂ ತಿಳಿದಿರುತ್ತಾರೆ. ಅದರ ಮೂಲಕವೇ ಆಲ್ಟರ್ನೇಟರಿಗೆ ಮೊದಲ ಕರೆಂಟು ಹೋಗಿ ಅದು ಕೆಲಸ ಶುರುಮಾಡುವುದು. ಶುರುವಾದ ಮೇಲೆ ಆಲ್ಟರ್ನೇಟರು ಅದೇ ವೈರಿಗೆ ತನ್ನ ಕಡೆಯಿಂದಲೂ ಕರೆಂಟು ಕೊಡುತ್ತದೆ. ನಡುವೆ ಎರಡು ವ್ಯಾಟಿನ ಬಲ್ಬು ಇದ್ದರೆ ಅದು ಹಿಂದಕ್ಕೆ ಹೆಚ್ಚು ಹರಿಯಲಾರದು. ಬಲ್ಬಿನ ಜಾಗದಲ್ಲಿ ಗಂಟಿದ್ದರೆ ಕೀ ತೆಗೆದ ಮೇಲೂ ಆಲ್ಟರ್ನೇಟರಿನಿಂದ ಕಾಯಿಲಿಗೆ ಕರೆಂಟು ಹರಿದು, ಇಂಜಿನ್ ತಾನೇ ತನ್ನನ್ನು ಓಡಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ತೀರ್ಥಹಳ್ಳಿಯ ಪೇಟೆಯಲ್ಲಿ ಎಲ್ಲ ಅಂಗಡಿ ಬಾಗಿಲು ಹಾಕಿದ್ದವು. ಮಾವ ರೇಡಿಯೋದ ಡಯಲ್ಲಿನ ಬಲ್ಬು ಹಾಕೋಣವೇ ಎಂದು ಕೇಳಿದರು. ಅಜ್ಜ ಒಪ್ಪಲಿಲ್ಲ. ಮರುದಿನ ಸರಿಯಾದ ಬಲ್ಬು ಬಂತು.

ಆರ್‌ಟಿಒ ಕಚೇರಿಗೆ ಹೋದ ದಿನ ನಾನೂ ಜೊತೆಗಿದ್ದೆ, ಕೀ ತಿರುಗಿಸುವ ಅನುಭವ ನನಗೇ ಹೆಚ್ಚು ಎಂಬ ಕಾರಣಕ್ಕೆ. ಇನ್‌ಸ್ಪೆಕ್ಟರು ಬಾನೆಟ್ ಎತ್ತಿಸಿ, ಇಂಜಿನ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಅರ್ಜಿಯ ಜೊತೆ ತಾಳೆ ನೋಡಿದರು. ಸ್ಟಾರ್ಟ್ ಮಾಡಿ ಅಂದರು, ಆಯಿತು. ಆಫ್ ಮಾಡಿ ಅಂದರು, ಅದೂ ಆಯಿತು. ಹಾಗೆ ಆಫ್ ಆದದ್ದಕ್ಕೆ ಮಾವ ಇಷ್ಟು ಹಿಗ್ಗಿದ್ದು ಯಾಕೆಂದು ಅವರಿಗೆ ಅರ್ಥವಾಗಲಿಲ್ಲ. ಲೈಟು ನೋಡಿದರು, ಇಂಡಿಕೇಟರ್ ನೋಡಿದರು. ಎಲ್ಲ ಸರಿಯಿತ್ತು. ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದು, ‘ಹಾರ್ನ್ ಒಂದು ಹೊಡೀರಿ’ ಅಂದರು.

ಮಾವ ಒತ್ತಿದರು. ವೈಪರ್ ಓಡಿತು.